ಬೀಜವೋ ನೆಲವೋ: ಬಳ್ಳಾರಿ ಸೀಮೆಯ ಹಿನ್ನೆಲೆಯಲ್ಲಿ ಯೀಸ್ಟ್ ಸೋಂಕಿನ ಕಾರಣವಿಚಾರ

ರೋಗಗಳ ಚರಿತ್ರೆಯನ್ನು ಬರೆಯುವವರು ಊರುಗಳನ್ನು ಬರಿದು ಮಾಡಿದ ಕಾಯಿಲೆಗಳತ್ತ ಮೊದಲು ಕಣ್ಣು ಹಾಯಿಸುವುದು ಸಹಜ. ಬಳ್ಳಾರಿ ಸೀಮೆಯ ಮಟ್ಟಿಗೆ ಕಾಲರಾ, ಸಿಡುಬು, ಪ್ಲೇಗುಗಳು ಅಂತಹವು. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತಮಂಡಲಗಳ ಮೊದಲ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದದ್ದು ಎಲ್ಲರೂ ಬಲ್ಲ ಸಂಗತಿ. ಆದರೆ ಜನರನ್ನು ಗುಂಪುಗುಂಪಾಗಿ ಕೊಲ್ಲದೆ, ಅವರ ಬಾಯಿ, ಚರ್ಮ, ಉಗುರು, ಗುಪ್ತಾಂಗಗಳಲ್ಲಿ ತಲೆಮಾರುಗಳಿಂದ ಉಳಿದುಕೊಂಡು ಬಂದ ಕಾಯಿಲೆಗಳಿಗೆ ಚರಿತ್ರೆಯಲ್ಲಿ ಸ್ಥಾನ ದೊರೆತಿರುವುದು ವಿರಳ. ಯೀಸ್ಟ್ ಜಾತಿಯ ಶಿಲೀಂಧ್ರಗಳಿಂದ ಉಂಟಾಗುವ ಸೋಂಕುಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳ ಕಾರಣವನ್ನು ವೈದ್ಯಶಾಸ್ತ್ರವು ಹೇಗೆ ಅರಿಯುತ್ತ ಬಂದಿತು, ಆ ಅರಿವನ್ನು ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಭಾಗದ ಜನಜೀವನದೊಡನೆ ಇಟ್ಟು ನೋಡಿದಾಗ ಏನು ಹೊಳೆಯುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಹೆಸರುಗಳ ವಿಚಾರ. ಕನ್ನಡ ಮನೆಮಾತಿನಲ್ಲಿ ಈ ಸೋಂಕುಗಳಿಗೆ ಒಂದೇ ಹೆಸರಿಲ್ಲ. ಹಸುಗೂಸಿನ ನಾಲಿಗೆಯ ಮೇಲೆ ಮೊಸರಿನ ಗರಣೆಯಂತೆ ಕೂರುವುದು ಅಗ್ರ. ಬೆನ್ನು, ಎದೆ, ಕುತ್ತಿಗೆಗಳಲ್ಲಿ ಮಸುಕು ಬಿಳಿಯ ಅಥವಾ ಕಂದು ಮಚ್ಚೆಗಳಾಗಿ ಹರಡುವುದು ಸಿಬ್ಬು. ಉಗುರಿನ ಬುಡ ಊದಿಕೊಂಡು ನೋಯುವುದು ಉಗುರುಸುತ್ತು. ಹೆಂಗಸರ ಒಳತೊಂದರೆಗೆ ಬಿಳಿಸೆರಗು. ಈ ಹೆಸರುಗಳೆಲ್ಲ ಕಾಯಿಲೆಯ ತಾಣವನ್ನೋ ಬಣ್ಣವನ್ನೋ ಹೇಳುತ್ತವೆಯೇ ಹೊರತು ಕಾರಣವನ್ನು ಹೇಳುವುದಿಲ್ಲ. ಕಾರಣವನ್ನು ಕೇಳಿದರೆ ಹಿರಿಯರು 'ಉಷ್ಣ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಉಗುರುಸುತ್ತಿಗೆ ನಿಂಬೆಹಣ್ಣನ್ನು ಕೊರೆದು ಬೆರಳಿಗೆ ಸಿಕ್ಕಿಸಿಕೊಳ್ಳುವ ಪರಿಪಾಠ ಇಂದಿಗೂ ಅಳಿದಿಲ್ಲ. ಇಲ್ಲೊಂದು ಎಚ್ಚರ ಅಗತ್ಯ. ಉಗುರುಸುತ್ತುಗಳೆಲ್ಲವೂ ಬಿಳಿಸೆರಗುಗಳೆಲ್ಲವೂ ಯೀಸ್ಟಿನಿಂದ ಆದವಲ್ಲ. ಬ್ಯಾಕ್ಟೀರಿಯಾದಿಂದಲೂ ಬೇರೆ ಪರಾವಲಂಬಿಗಳಿಂದಲೂ ಅವು ಉಂಟಾಗುತ್ತವೆ. ಇನ್ನು ಹುಳುಕಡ್ಡಿ ಎಂಬುದು ಶಿಲೀಂಧ್ರದ್ದೇ ಆದರೂ ಯೀಸ್ಟಿನದಲ್ಲ. ಹಳೆಯ ಹೆಸರನ್ನು ಹೊಸ ಜೀವಿಯ ಹೆಸರಿಗೆ ನೇರವಾಗಿ ಸಮೀಕರಿಸುವುದು ವೈದ್ಯಚರಿತ್ರೆಯ ಬರಹಗಳಲ್ಲಿ ಪದೇ ಪದೇ ಕಾಣುವ ದೋಷ.

ಈ ಎಚ್ಚರವನ್ನು ಇಟ್ಟುಕೊಂಡೇ ಪ್ರಾಚೀನ ಗ್ರಂಥಗಳತ್ತ ನೋಡಿದರೆ ಕುತೂಹಲಕರ ಅಂಶಗಳು ದೊರೆಯುತ್ತವೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಹೇಳುವಾಗ 'ಅಹಿಪೂತನ'ವೆಂಬ ಶಿಶುರೋಗದ ಪ್ರಸ್ತಾಪ ಬರುತ್ತದೆ. ಮಲಮೂತ್ರಗಳಿಂದ ತೊಯ್ದ ಕೂಸಿನ ಅಂಗವನ್ನು ತೊಳೆಯದಿರುವುದರಿಂದ, ಬೆವರಿದ ಮಗುವಿಗೆ ಸ್ನಾನ ಮಾಡಿಸದಿರುವುದರಿಂದ ತುರಿಕೆ, ಗುಳ್ಳೆ, ಸ್ರಾವಗಳು ಉಂಟಾಗುತ್ತವೆ ಎಂಬುದು ಅಲ್ಲಿನ ವಿವರಣೆ. ಚರಕಸಂಹಿತೆಯು ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳನ್ನು ಎಣಿಸಿ, ಕಫಪ್ರಧಾನವಾದುದಕ್ಕೆ ತುರಿಕೆ ಹಾಗೂ ಜಿಗುಟು ಸ್ರಾವಗಳನ್ನು ಲಕ್ಷಣವಾಗಿ ಹೇಳುತ್ತದೆ. ಕನ್ನಡದಲ್ಲಿಯೂ ವೈದ್ಯವಿಷಯ ಗ್ರಂಥಸ್ಥವಾದುದು ತಡವಾಗಿಯೇನೂ ಅಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು 1025ರ ಸುಮಾರಿನಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಮನೆಮದ್ದಿನ ಭಾಗವೂ ಸೇರಿದೆ. ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದ ಹನ್ನೆರಡನೆಯ ಶತಮಾನಕ್ಕೆ ಈ ಪರಂಪರೆ ಕನ್ನಡದಲ್ಲಿ ನೆಲೆಯೂರಿತ್ತು. ಈ ಗ್ರಂಥಕಾರರಿಗೆ ಸೂಕ್ಷ್ಮಜೀವಿಯ ಕಲ್ಪನೆ ಇರಲಿಲ್ಲ. ಆದರೆ ತೇವ, ಬೆವರು, ದೇಹಸ್ಥಿತಿಗಳನ್ನು ಅವರು ಕಾರಣದ ಸ್ಥಾನದಲ್ಲಿ ಇಟ್ಟಿದ್ದರೆಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿಡಬೇಕು.

ಸೂಕ್ಷ್ಮದರ್ಶಕದ ಅಡಿಯಲ್ಲಿ ಈ ಜೀವಿ ಕಂಡುಬಂದುದು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ. 1839ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಲಾಂಗೆನ್‌ಬೆಕ್ ಎಂಬ ವೈದ್ಯನು ವಿಷಮಜ್ವರದಿಂದ ಸತ್ತ ರೋಗಿಯೊಬ್ಬನ ಅನ್ನನಾಳದ ಬಿಳಿಪೊರೆಯಲ್ಲಿ ಶಿಲೀಂಧ್ರವನ್ನು ಕಂಡು ಅದನ್ನು ವರ್ಣಿಸಿದನು. ಆದರೆ ಆತ ಆ ಶಿಲೀಂಧ್ರವನ್ನು ಜ್ವರದ ಕಾರಣವೆಂದೇ ಬಗೆದನು. ಜ್ವರದಿಂದ ಜರ್ಜರಿತವಾದ ದೇಹದಲ್ಲಿ ಶಿಲೀಂಧ್ರ ಬೆಳೆದಿತ್ತು. ಶಿಲೀಂಧ್ರದಿಂದ ಜ್ವರ ಬಂದಿರಲಿಲ್ಲ. ಕಾರಣಕಾರ್ಯಗಳು ಹೀಗೆ ಅದಲುಬದಲಾದದ್ದು ಈ ರೋಗದ ಚರಿತ್ರೆಯ ಮೊದಲ ಪುಟದಲ್ಲೇ ನಡೆದುಹೋಯಿತು. 1840ರ ದಶಕದಲ್ಲಿ ಸ್ಟಾಕ್‌ಹೋಮಿನ ಅನಾಥ ಶಿಶುಗಳ ಆಸ್ಪತ್ರೆಯ ಫ್ರೆಡ್ರಿಕ್ ಬರ್ಗ್ ಹಾಗೂ ಪ್ಯಾರಿಸ್ಸಿನ ಡೇವಿಡ್ ಗ್ರೂಬಿ, ಕೂಸುಗಳ ಅಗ್ರಕ್ಕೆ ಶಿಲೀಂಧ್ರವೇ ಮೂಲವೆಂದು ಪ್ರತ್ಯೇಕವಾಗಿ ತೋರಿಸಿಕೊಟ್ಟರು. 1849ರಲ್ಲಿ ವಿಲ್ಕಿನ್ಸನ್ ಸ್ತ್ರೀಯರ ಸ್ರಾವದಲ್ಲಿ ಅಂತಹುದೇ ಜೀವಿಯನ್ನು ಗುರುತಿಸಿದನು. 1853ರಲ್ಲಿ ಫ್ರಾನ್ಸಿನ ಶಾರ್ಲ್ ರೋಬಿನ್ ಇದಕ್ಕೆ 'ಆಲ್ಬಿಕಾನ್ಸ್' ಎಂಬ ವಿಶೇಷಣವನ್ನು ಇತ್ತನು. ಹೆಸರುಗಳು ಹಲವು ಬಾರಿ ಬದಲಾಗಿ, 1923ರಲ್ಲಿ ಡಚ್ ವಿದುಷಿ ಕ್ರಿಸ್ಟೀನ್ ಬರ್ಕ್‌ಹೌಟ್ 'ಕ್ಯಾಂಡಿಡಾ' ಎಂಬ ಕುಲನಾಮವನ್ನು ಸ್ಥಾಪಿಸಿದರು. ಎರಡು ಪದಗಳಿಗೂ ಬಿಳುಪು ಎಂಬುದೇ ಅರ್ಥ. ರೋಮಿನಲ್ಲಿ ಪದವಿಯ ಆಕಾಂಕ್ಷಿಗಳು ತೊಡುತ್ತಿದ್ದ ಬಿಳಿಯ ನಿಲುವಂಗಿಯಿಂದ 'ಕ್ಯಾಂಡಿಡೇಟ್' ಶಬ್ದವೂ ಹುಟ್ಟಿತೆಂಬುದನ್ನು, ಚುನಾವಣೆಗಳಿಗೆ ಹೆಸರಾದ ಬಳ್ಳಾರಿಯ ಓದುಗರಿಗಾಗಿ ಹೇಳಬಹುದು.

ಸಿಬ್ಬಿನ ಕಥೆಯೂ ಇದೇ ಕಾಲದ್ದು. 1846ರಲ್ಲಿ ಐಕ್‌ಸ್ಟೆಟ್ ಅದರಲ್ಲಿ ಶಿಲೀಂಧ್ರವನ್ನು ಕಂಡನು. 1889ರಲ್ಲಿ ಬೈಯೋನ್ ಆ ಜೀವಿಗೆ 'ಮಲಸೇಜಿಯ' ಎಂದು ಹೆಸರಿಟ್ಟನು. ಚರ್ಮದ ಜಿಡ್ಡನ್ನು ಉಂಡು ಬಾಳುವ ಈ ಯೀಸ್ಟು ಆರೋಗ್ಯವಂತರ ಮೈಮೇಲೂ ಇರುತ್ತದೆ. ಸೆಕೆ, ಬೆವರುಗಳು ಹೆಚ್ಚಿದಾಗ ಅದು ಎಳೆಯ ರೂಪಕ್ಕೆ ತಿರುಗಿ ಮಚ್ಚೆಗಳನ್ನು ಉಂಟುಮಾಡುತ್ತದೆ.

ಇಲ್ಲಿ ಒಂದು ತಾತ್ವಿಕ ಪ್ರಶ್ನೆ ತಲೆದೋರಿತು. ಶಿಲೀಂಧ್ರವು ಎಲ್ಲರ ಮೈಯಲ್ಲಿಯೂ ಇರುವುದಾದರೆ ಕೆಲವರಿಗೆ ಮಾತ್ರ ರೋಗವೇಕೆ? ಫ್ರೆಂಚ್ ವೈದ್ಯ ಅರ್ಮಾಂ ಟ್ರೂಸೋ, ಬಾಯಿಯ ಬಿಳಿಪೊರೆಯು ಇಡೀ ದೇಹದ ಕೆಟ್ಟ ಸ್ಥಿತಿಯು ಒಂದು ಕಡೆ ಹೊರಗೆ ಕಾಣಿಸಿಕೊಂಡ ರೂಪವೆಂದು ವಾದಿಸಿದ್ದನು. ಆ ಬಳಿಕ ಪಾಶ್ಚರ್, ಕಾಖ್‌ರ ಸಂಶೋಧನೆಗಳಿಂದ ಒಂದು ರೋಗಕ್ಕೆ ಒಂದು ಜೀವಿ ಎಂಬ ಸಿದ್ಧಾಂತ ಬಲಗೊಂಡು ಬೀಜದ ವಿಚಾರವೇ ಮುಂದಾಯಿತು. ನೆಲದ ವಿಚಾರ ಹಿಂದೆ ಸರಿಯಿತು. ಕಾಲರಾದ ವಿಷಯದಲ್ಲಿ ಬೀಜವನ್ನು ತಡೆದರೆ ಸಾಕು. ಯೀಸ್ಟಿನ ವಿಷಯದಲ್ಲಿ ಹಾಗಲ್ಲ. ಬೀಜವು ಹುಟ್ಟಿದ ಕೆಲವೇ ದಿನಗಳಲ್ಲಿ ನಮ್ಮೊಳಗೆ ಬಂದು ನೆಲಸುತ್ತದೆ. ನೆಲ ಯಾವಾಗ, ಯಾವುದರಿಂದ ಕೆಟ್ಟಿತೆಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಬಳ್ಳಾರಿ ಸೀಮೆಯ ಕಳೆದ ಒಂದೂವರೆ ಶತಮಾನದ ಚರಿತ್ರೆಯು ಈ ಪ್ರಶ್ನೆಗೆ ಒಂದರ ಮೇಲೊಂದು ಉತ್ತರವನ್ನು ಒದಗಿಸುವಂತಿದೆ.

ಮೊದಲ ಉತ್ತರ ಹಸಿವು. 1876–78ರ ಮಹಾಕ್ಷಾಮ, ಜನರ ನೆನಪಿನ ಧಾತು-ಈಶ್ವರ ಬರ, ಮದ್ರಾಸ್ ಪ್ರಾಂತ್ಯದಲ್ಲಿ ಅತ್ಯಂತ ಭೀಕರವಾಗಿ ಕಾಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲಿನಷ್ಟು ಕುಸಿದಿತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಹಾಗೂ ಅಲ್ಪ ಹಣಕ್ಕೆ ಇಳಿಸಿದನು. ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಷ್ ಇದನ್ನು ಪ್ರತಿಭಟಿಸಿ, ದುಡಿಯುವ ದೇಹಕ್ಕೆ ಒಂದೂವರೆ ಪೌಂಡ್ ಧಾನ್ಯ ಬೇಕು, ಅದರ ಜೊತೆಗೆ ಬೇಳೆಕಾಳು ಬೇಕು ಎಂದು ವಾದಿಸಿದನು. ಕೊರತೆಯ ಆಹಾರವು ಮನುಷ್ಯನನ್ನು ಒಮ್ಮೆಗೇ ಕೊಲ್ಲುವುದಿಲ್ಲ, ನಿಧಾನವಾಗಿ ಕರಗಿಸುತ್ತದೆ, ಬಳಿಕ ಕೊಟ್ಟ ಅನ್ನವೂ ಅವನಿಗೆ ದಕ್ಕುವುದಿಲ್ಲ ಎಂಬುದು ಈ ವಾದದ ತಿರುಳು. ಪೌಷ್ಟಿಕಾಂಶಗಳ ಕೊರತೆಯಿಂದ ರೋಗನಿರೋಧಕ ಕಣಗಳು ಸೊರಗಿದಾಗ ಬಾಯಿಯಿಂದ ಅನ್ನನಾಳದವರೆಗೆ ಯೀಸ್ಟು ಹಬ್ಬುವುದು ಇಂದು ಚೆನ್ನಾಗಿ ಅರ್ಥವಾಗಿರುವ ಸಂಗತಿ. ನುಂಗಲಾರದ ಕೂಸು ಹಾಲು ಬಿಡುತ್ತದೆ. ಹಾಲು ಬಿಟ್ಟ ಕೂಸು ಇನ್ನಷ್ಟು ಸೊರಗುತ್ತದೆ. ಆದರೆ ಅಂದಿನ ಮರಣ ದಾಖಲೆಯಲ್ಲಿದ್ದ ಅಂಕಣಗಳು ಕೆಲವೇ: ಕಾಲರಾ, ಸಿಡುಬು, ಜ್ವರ, ಹೊಟ್ಟೆಬೇನೆ, ಗಾಯ, ಇತರೆ. ಬಾಯಿ ಬಿಳಿಚಿ, ಭೇದಿಯಾಗಿ ತೀರಿಕೊಂಡ ಮಗು ಹೊಟ್ಟೆಬೇನೆಯ ಅಂಕಣಕ್ಕೆ ಸೇರುತ್ತಿತ್ತು. ಕ್ಷಾಮದ ಚರಿತ್ರೆಕಾರರು ಈ ಅಂಕಣಗಳನ್ನು ಕೂಡಿ ಕಳೆಯುವುದಕ್ಕೆ ಮಾತ್ರ ಬಳಸಿದ್ದಾರೆ. ಅವು ಏನನ್ನು ಮುಚ್ಚುತ್ತವೆ ಎಂಬುದನ್ನೂ ಕೇಳಬೇಕಾಗಿದೆ.

ಎರಡನೆಯದು ನೀರು. ಬಳ್ಳಾರಿಯು ಕಡಿಮೆ ಮಳೆಯ, ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ನಾಡು. ಆದರೆ ಸಿರುಗುಪ್ಪ ಮತ್ತು ದೇಶನೂರುಗಳಲ್ಲಿ ತುಂಗಭದ್ರೆಯಿಂದ ತೆಗೆದ ವಿಜಯನಗರ ಕಾಲದ ಕಾಲುವೆಗಳು ಹಿಂದಿನಿಂದಲೂ ಗದ್ದೆಗಳಿಗೆ ನೀರುಣಿಸುತ್ತಿದ್ದವು. 1953 ಈ ಸೀಮೆಗೆ ಎರಡು ಬಗೆಯಲ್ಲಿ ಗಡಿರೇಖೆಯಾದ ವರ್ಷ. ಆ ವರ್ಷವೇ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿಯಿತು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಬಲದಂಡೆಯ ಕೆಳಮಟ್ಟದ ಕಾಲುವೆ ಹರಿದಂತೆ ಸಿರುಗುಪ್ಪ, ಕುರುಗೋಡು ಭಾಗದ ಎರೆಭೂಮಿಯಲ್ಲಿ ಜೋಳ, ಹತ್ತಿಗಳ ಪಕ್ಕದಲ್ಲಿ ಭತ್ತ ವಿಸ್ತರಿಸಿತು. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರವು ಭತ್ತದ ತಳಿಗಳಿಗೆ ಹೆಸರಾಯಿತು. ನೀರಾವರಿಯ ಚರಿತ್ರೆಯನ್ನು ಎಕರೆ, ಕ್ಯೂಸೆಕ್, ಕ್ವಿಂಟಾಲುಗಳಲ್ಲಿ ಬರೆಯುವುದು ರೂಢಿ. ನಾಟಿಯ ಹೆಣ್ಣಾಳುಗಳ ಕೈಕಾಲುಗಳ ದೃಷ್ಟಿಯಿಂದ ಅದನ್ನು ಬರೆದವರು ಕಡಿಮೆ. ಗಂಟೆಗಟ್ಟಲೆ ಕೆಸರಿನಲ್ಲಿ ನಿಂತವರ ಕಾಲ್ಬೆರಳ ಸಂದಿಯ ಚರ್ಮ ನೀರುಂಡು ಬೆಳ್ಳಗಾಗಿ ಬಿರಿಯುತ್ತದೆ. ಆ ಬಿರುಕಿನಲ್ಲಿ ಯೀಸ್ಟೂ ಬ್ಯಾಕ್ಟೀರಿಯಾವೂ ಒಟ್ಟಿಗೆ ಬೆಳೆಯುತ್ತವೆ. ಕೆಸರುಹುಣ್ಣೆಂದು ಕರೆಸಿಕೊಳ್ಳುವ ಈ ಬಾಧೆಯನ್ನು ಅವರು ರೋಗವೆಂದು ಆಸ್ಪತ್ರೆಗೆ ಒಯ್ಯುವುದು ಅಪರೂಪ. ಕೂಲಿಯ ಭಾಗವೆಂದೇ ಸಹಿಸಿಕೊಳ್ಳುತ್ತಾರೆ.

ಬಳ್ಳಾರಿ ನಗರದ ಜೀನ್ಸ್ ಉದ್ಯಮವನ್ನೂ ಇಲ್ಲಿ ಹೆಸರಿಸಬೇಕು. ಬಟ್ಟೆ ಒಗೆಯುವ ಘಟಕಗಳಲ್ಲಿ ನೀರು ಮತ್ತು ರಾಸಾಯನಿಕಗಳಲ್ಲಿ ಕೈಯಾಡಿಸುವವರಿಗೆ ದೀರ್ಘಕಾಲದ ಉಗುರುಸುತ್ತು ಬರುವ ಸಂಭವ ಹೆಚ್ಚು. ಉಗುರಿನ ಮಡಿಕೆಯಲ್ಲಿ ಕ್ಯಾಂಡಿಡಾ ದೊರೆಯುವುದರಿಂದ ಅದೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಈಚಿನ ಚರ್ಮತಜ್ಞರು ಸತತವಾದ ತೇವ ಹಾಗೂ ಸಾಬೂನು, ರಾಸಾಯನಿಕಗಳ ಕೆರಳಿಕೆಯೇ ಮೂಲ, ಯೀಸ್ಟು ಆಮೇಲೆ ಬಂದು ಸೇರುವ ಅತಿಥಿ ಎನ್ನುತ್ತಾರೆ. ಹಾಗಿದ್ದರೆ ಶಿಲೀಂಧ್ರನಾಶಕ ಮುಲಾಮಿಗಿಂತ ಕೈಗವಸು ಮುಖ್ಯವಾಗುತ್ತದೆ, ಮತ್ತು ಪ್ರಶ್ನೆ ಔಷಧದ ಅಂಗಡಿಯಿಂದ ಮಾಲೀಕರ ಕಡೆಗೆ ತಿರುಗುತ್ತದೆ. ಕಾರಣವನ್ನು ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ಹೊಣೆ ಯಾರದೆಂಬುದು ನಿರ್ಧಾರವಾಗುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಸಿಬ್ಬಿನ ವಿಷಯದಲ್ಲಿಯೂ ಹೊಣೆಯ ಪ್ರಶ್ನೆ ಬೇರೊಂದು ಬಗೆಯಲ್ಲಿ ಏಳುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಹರೆಯದವರ ಮೈಮೇಲೆ ಸಿಬ್ಬು ಮೂಡುವುದು ಸಾಮಾನ್ಯ. ಚಿಕಿತ್ಸೆಯಿಂದ ಯೀಸ್ಟು ತಗ್ಗಿದ ಮೇಲೂ ಚರ್ಮದ ಬಣ್ಣ ಮರಳಲು ತಿಂಗಳುಗಳು ಹಿಡಿಯುತ್ತವೆ. ಈ ಅವಧಿಯಲ್ಲಿ ಅದನ್ನು ತೊನ್ನೆಂದು ತಪ್ಪಾಗಿ ತಿಳಿಯುವವರುಂಟು; ಮದುವೆಯ ವಯಸ್ಸಿನ ಹೆಣ್ಣುಮಗಳಿಗೆ ಈ ತಪ್ಪುತಿಳಿವಳಿಕೆಯ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಿಲ್ಲ. ತೊನ್ನು ಅಂಟುವುದಿಲ್ಲವೆಂಬುದೂ ಜನರಿಗೆ ಇನ್ನೂ ಪೂರ್ತಿ ಮನದಟ್ಟಾಗಿಲ್ಲ.

ಮೂರನೆಯ ಉತ್ತರ ಔಷಧವೇ ಆಗಿರುವುದು ಈ ಚರಿತ್ರೆಯ ವಿಪರ್ಯಾಸ. 1940ರ ದಶಕದಲ್ಲಿ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳು ಬಳಕೆಗೆ ಬಂದಾಗ ಕ್ಷಯದಂತಹ ರೋಗಕ್ಕೂ ಮದ್ದು ದೊರೆಯಿತು. ಬಳ್ಳಾರಿಯ ವೆಲ್ಲೆಸ್ಲಿ ಕ್ಷಯರೋಗ ಆರೋಗ್ಯಧಾಮದಂತಹ ಸಂಸ್ಥೆಗಳ ಸ್ವರೂಪವನ್ನು ಈ ಮದ್ದುಗಳು ಬದಲಿಸಿದವು. ಆದರೆ ಇವು ಕರುಳಿನ, ಯೋನಿಯ ಹಿತಕಾರಿ ಬ್ಯಾಕ್ಟೀರಿಯಾಗಳನ್ನೂ ಅಳಿಸಿದ್ದರಿಂದ, ಅವುಗಳ ಅಂಕೆಯಲ್ಲಿದ್ದ ಯೀಸ್ಟು ಬಿಡುಗಡೆ ಪಡೆಯಿತು. ಇದಕ್ಕೆ ಮದ್ದು ಕಂಡುಹಿಡಿದವರು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಇಬ್ಬರು ಮಹಿಳೆಯರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಹೊಲವೊಂದರ ಮಣ್ಣಿನ ಜೀವಿಯಿಂದ ತೆಗೆದ ಆ ಔಷಧವನ್ನು 1950ರಲ್ಲಿ ಪ್ರಕಟಿಸಿ, ತಮ್ಮ ರಾಜ್ಯದ ಹೆಸರಿನಿಂದಲೇ ನಿಸ್ಟಾಟಿನ್ ಎಂದು ಕರೆದರು. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಆರಂಭವಾಯಿತು. ಮುಂದೆ ಅದು ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ವಿಮ್ಸ್, ಆಯಿತು. ಸಿರುಗುಪ್ಪ, ಕುರುಗೋಡುಗಳ ರೋಗಿಗಳಿಗೆ ಪ್ರಯೋಗಾಲಯದ ಪರೀಕ್ಷೆಯು ಕೈಗೆಟುಕುವ ದೂರಕ್ಕೆ ಬಂದುದು ಆ ಬಳಿಕ.

ನಾಲ್ಕನೆಯ ಘಟ್ಟವು ಎಚ್‌ಐವಿಯದು. 1981ರ ಜೂನ್ 5ರಂದು ಅಮೆರಿಕದಲ್ಲಿ ಪ್ರಕಟವಾದ, ಏಡ್ಸಿನ ಮೊದಲ ವರದಿಯೆಂದು ಪರಿಗಣಿತವಾದ ಬರಹದಲ್ಲಿದ್ದ ಐವರು ರೋಗಿಗಳಲ್ಲಿಯೂ ಕ್ಯಾಂಡಿಡಾ ಸೋಂಕಿತ್ತು. ಭಾರತದಲ್ಲಿ 1986ರಲ್ಲಿ ಚೆನ್ನೈಯಲ್ಲಿ ಸೋಂಕು ಮೊದಲು ಪತ್ತೆಯಾಯಿತು. ಉತ್ತರ ಕರ್ನಾಟಕದ ಜಿಲ್ಲೆಗಳು ಇದರಿಂದ ತೀವ್ರವಾಗಿ ಬಾಧಿತವಾದವು; ಬಳ್ಳಾರಿಯೂ ಅವುಗಳಲ್ಲಿ ಒಂದು. ವಯಸ್ಕರ ಬಾಯಲ್ಲಿ ಕಾರಣವಿಲ್ಲದೆ ಕಾಣಿಸಿಕೊಂಡ ಬಿಳಿಪೊರೆಯನ್ನು ವೈದ್ಯರು ಎಚ್‌ಐವಿಯ ಮುನ್ಸೂಚನೆಯೆಂದು ಓದತೊಡಗಿದರು. ಕೂಸಿನ ಬಾಯಲ್ಲಿ ನಿರುಪದ್ರವಿ ಎನಿಸಿದ್ದ ಅಗ್ರ, ದೊಡ್ಡವರ ಬಾಯಲ್ಲಿ ಕಳಂಕದ ಗುರುತಾಯಿತು. ಮಧುಮೇಹದಿಂದಲೋ ಆಸ್ತಮಾದ ಸ್ಟೀರಾಯ್ಡ್ ಸೇದುಮದ್ದಿನಿಂದಲೋ ಸರಿಹೊಂದದ ಹಲ್ಲುಸೆಟ್ಟಿನಿಂದಲೋ ಬಾಯಿ ಬೆಳ್ಳಗಾದವರೂ ಇದೇ ಅನುಮಾನಕ್ಕೆ ಈಡಾಗುವಂತಾಯಿತು. 2004ರ ಏಪ್ರಿಲ್ 1ರಿಂದ ದೇಶದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದ ಮೇಲೆ, ನಿರೋಧಕಶಕ್ತಿ ಚೇತರಿಸಿಕೊಂಡಂತೆ ಬಾಯಿಯ ಸೋಂಕೂ ಹಿಂದೆ ಸರಿಯಿತು. ನೆಲ ಸುಧಾರಿಸಿದರೆ ಬೀಜ ಅಡಗುತ್ತದೆ ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಹಿಂದೆ ದೊರೆತಿರಲಿಲ್ಲ.

ಇದೇ ಕಾಲದಲ್ಲಿ ಲೈಂಗಿಕ ಸೋಂಕುಗಳಿಗೆ ಲಕ್ಷಣಾಧಾರಿತ ಚಿಕಿತ್ಸೆ ಜಾರಿಗೆ ಬಂದಿತು. ಪ್ರಯೋಗಾಲಯವಿಲ್ಲದ ಆಸ್ಪತ್ರೆಗಳಲ್ಲಿಯೂ ಕೊಡಬಹುದಾದಂತೆ ಬಣ್ಣಬಣ್ಣದ ಔಷಧ ಪೊಟ್ಟಣಗಳನ್ನು ರೂಪಿಸಲಾಯಿತು. ಯೋನಿಸ್ರಾವಕ್ಕೆ ಹಸಿರು ಪೊಟ್ಟಣ. ಅದರಲ್ಲಿ ಸೆಕ್ನಿಡಜೋಲ್ ಮತ್ತು 150 ಮಿಲಿಗ್ರಾಂ ಫ್ಲೂಕೊನಜೋಲ್. ಹಳ್ಳಿಯ ಹೆಣ್ಣುಮಗಳು ಹತ್ತಾರು ಮೈಲಿ ಅಲೆಯದೆ ಮದ್ದು ಪಡೆಯುವಂತಾದುದು ಸಣ್ಣ ಲಾಭವಲ್ಲ. ಆದರೆ ಈ ಪದ್ಧತಿಯಲ್ಲಿ ಕಾರಣವನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಯೋನಿಯ ಯೀಸ್ಟ್ ಸೋಂಕನ್ನು ಲೈಂಗಿಕ ರೋಗವೆಂದು ವರ್ಗೀಕರಿಸುವುದಿಲ್ಲ. ಸುಮಾರು ಮುಕ್ಕಾಲು ಪಾಲು ಸ್ತ್ರೀಯರು ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆಂದು ಅಂದಾಜಿದೆ. ಗರ್ಭಿಣಿಯ ದೇಹದಲ್ಲಿ ಈಸ್ಟ್ರೊಜನ್ ಹೆಚ್ಚಿ ಯೋನಿಯ ಕೋಶಗಳಲ್ಲಿ ಗ್ಲೈಕೊಜನ್ ಶೇಖರವಾಗುವುದು, ಹಿಡಿತಕ್ಕೆ ಸಿಗದ ಸಕ್ಕರೆ ಕಾಯಿಲೆ, ಹಿಂದಿನ ವಾರ ನುಂಗಿದ ಆ್ಯಂಟಿಬಯಾಟಿಕ್: ಇವು ಅದರ ಸಾಮಾನ್ಯ ಕಾರಣಗಳು. ಲೈಂಗಿಕ ರೋಗದ ಚಿಕಿತ್ಸಾಲಯದಿಂದ ಅದೇ ಪೊಟ್ಟಣವನ್ನು ಹಿಡಿದು ಮನೆಗೆ ಬಂದವಳಿಗೆ ಈ ವ್ಯತ್ಯಾಸವನ್ನು ಯಾರಾದರೂ ಬಿಡಿಸಿ ಹೇಳದಿದ್ದರೆ ಸಂಶಯ ಅವಳ ಶೀಲದ ಮೇಲೆ ಬೀಳುತ್ತದೆ. ಮರುಕಳಿಸುವ ಬಿಳಿಸೆರಗಿನ ಹಿಂದೆ ಪತ್ತೆಯಾಗದ ಮಧುಮೇಹವಿದ್ದರೆ ಅದೂ ಕಣ್ತಪ್ಪುತ್ತದೆ.

ಕಾರಣವಿಚಾರವು ಈಚೆಗೆ ಅಣುಮಟ್ಟಕ್ಕೆ ಇಳಿದಿದೆ. ದುಂಡಗಿನ ಕೋಶರೂಪದಲ್ಲಿ ಸುಮ್ಮನಿರುವ ಕ್ಯಾಂಡಿಡಾ ಎಳೆರೂಪ ತಾಳಿದಾಗ ಅಂಗಾಂಶವನ್ನು ಸೀಳುವ ವಿಷವೊಂದನ್ನು ಸ್ರವಿಸುತ್ತದೆಂಬುದು 2016ರಲ್ಲಿ ತಿಳಿದುಬಂದಿತು. ಇದಕ್ಕೆ ಕ್ಯಾಂಡಿಡಲೈಸಿನ್ ಎಂದು ಹೆಸರು. ಅದಕ್ಕೂ ಮುನ್ನ 2011ರಲ್ಲಿ, ಬಾಲ್ಯದಿಂದಲೇ ಚರ್ಮ ಹಾಗೂ ಬಾಯಿಯಲ್ಲಿ ಬಿಡದೆ ಕಾಡುವ ಕ್ಯಾಂಡಿಡಾ ಸೋಂಕುಳ್ಳ ಕೆಲವು ಕುಟುಂಬಗಳಲ್ಲಿ ಇಂಟರ್‌ಲ್ಯೂಕಿನ್-17 ಎಂಬ ರಕ್ಷಣಾ ಸಂದೇಶವಾಹಕದ ಆನುವಂಶಿಕ ದೋಷವೇ ಮೂಲವೆಂದು ಕಂಡುಬಂದಿತ್ತು. ಬೀಜಕ್ಕೂ ಆಯುಧವಿದೆ, ನೆಲಕ್ಕೂ ಕಾವಲಿದೆ. ಟ್ರೂಸೋನ ಮಾತು ಅರ್ಧ ಸತ್ಯವಾಗಿಯಾದರೂ ಉಳಿದುಕೊಂಡಿತು.

ತೀವ್ರ ನಿಗಾ ಘಟಕವು ಈ ಚರಿತ್ರೆಯ ಹೊಸ ರಂಗ. ರಕ್ತನಾಳದೊಳಗಿನ ನಳಿಕೆ, ಬಲವಾದ ಆ್ಯಂಟಿಬಯಾಟಿಕ್, ಸ್ಟೀರಾಯ್ಡ್, ಹೊಟ್ಟೆಯ ಶಸ್ತ್ರಚಿಕಿತ್ಸೆಗಳ ಮೂಲಕ ಯೀಸ್ಟು ನೆತ್ತರಿಗೆ ನುಗ್ಗುತ್ತದೆ. 2015ರಲ್ಲಿ ಪ್ರಕಟವಾದ, ಭಾರತದ 27 ತೀವ್ರ ನಿಗಾ ಘಟಕಗಳ ಅಧ್ಯಯನದಲ್ಲಿ ಆಲ್ಬಿಕಾನ್ಸ್‌ಗಿಂತ ಟ್ರಾಪಿಕಾಲಿಸ್ ಎಂಬ ಪ್ರಭೇದವೇ ಮುಂದಿತ್ತು. ಈ ಟ್ರಾಪಿಕಾಲಿಸನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವರ್ಣಿಸಿದವನು ಸಿಂಹಳದಲ್ಲಿ ಕೆಲಸ ಮಾಡುತ್ತಿದ್ದ ಅಲ್ಡೊ ಕ್ಯಾಸ್ಟೆಲಾನಿ. ಯುರೋಪಿನ ಪಠ್ಯಪುಸ್ತಕವನ್ನೇ ನೆಚ್ಚಿಕೊಂಡರೆ ನಮ್ಮ ರೋಗಿಯ ರೋಗ ತಿಳಿಯದೆಂಬುದಕ್ಕೆ ಇದೊಂದು ಉದಾಹರಣೆ. 2009ರಲ್ಲಿ ಜಪಾನಿನ ವೃದ್ಧ ರೋಗಿಯೊಬ್ಬರ ಕಿವಿಯಲ್ಲಿ ದೊರೆತ ಕ್ಯಾಂಡಿಡಾ ಆರಿಸ್, ದೆಹಲಿಯ ಆಸ್ಪತ್ರೆಗಳ ರಕ್ತಸೋಂಕುಗಳಲ್ಲಿಯೂ ಇದ್ದುದು 2013ರಲ್ಲಿ ವರದಿಯಾಯಿತು. ಇದು ಹಾಸಿಗೆ, ಉಪಕರಣಗಳ ಮೇಲೆ ಬದುಕುಳಿದು ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಫ್ಲೂಕೊನಜೋಲಿಗೆ ಬಹುಮಟ್ಟಿಗೆ ಜಗ್ಗುವುದಿಲ್ಲ. 2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಮೊದಲ ಶಿಲೀಂಧ್ರ ಪಟ್ಟಿಯನ್ನು ಹೊರಡಿಸಿದಾಗ ಆರಿಸ್ ಮತ್ತು ಆಲ್ಬಿಕಾನ್ಸ್ ಎರಡೂ ಅತಿ ಗಂಭೀರ ವರ್ಗದಲ್ಲಿದ್ದವು. ನೆಲವೇ ಮುಖ್ಯವೆನ್ನುವ ನಮ್ಮ ವಾದಕ್ಕೆ ಆರಿಸ್ ಒಂದು ತೊಡಕು: ಇಲ್ಲಿ ಬೀಜವು ಮತ್ತೆ ಹೊರಗಿನಿಂದ ಬರುತ್ತದೆ, ಕೈತೊಳೆಯುವ ನೀರು ಮತ್ತೆ ಮುಖ್ಯವಾಗುತ್ತದೆ.

2021ರ ಮೇ ತಿಂಗಳಲ್ಲಿ ಕೋವಿಡ್‌ನ ಎರಡನೆಯ ಅಲೆಯ ನಡುವೆ ಕಪ್ಪು ಶಿಲೀಂಧ್ರವನ್ನು ಕರ್ನಾಟಕವು ಅಧಿಸೂಚಿತ ರೋಗವೆಂದು ಘೋಷಿಸಿತು. ಅದು ಯೀಸ್ಟಲ್ಲ, ಬೂಷ್ಟಿನ ಜಾತಿಯದು. ಆದರೂ ಅದು ಬೇರೂರಿದ ನೆಲ ಹೆಚ್ಚಾಗಿ ಇದೇ ಆಗಿತ್ತು: ಹತೋಟಿ ತಪ್ಪಿದ ಸಕ್ಕರೆ ಮತ್ತು ಸ್ಟೀರಾಯ್ಡ್. ಅಧಿಸೂಚನೆಯಿಂದಾಗಿ ಆ ರೋಗದ ಪ್ರತಿಯೊಂದು ಪ್ರಕರಣವೂ ಲೆಕ್ಕಕ್ಕೆ ಸೇರಿತು. ನಾಟಿ ಹಂಗಾಮಿನಲ್ಲಿ ಸಿರುಗುಪ್ಪದ ಗದ್ದೆಗಳಲ್ಲಿ ಬಿರಿಯುವ ಕಾಲ್ಬೆರಳುಗಳನ್ನು ಎಣಿಸುವ ಅಂಕಣ ಮಾತ್ರ 1877ರ ಪುಸ್ತಕದಲ್ಲಿಯೂ ಇರಲಿಲ್ಲ, ಇಂದಿನ ಪುಸ್ತಕದಲ್ಲಿಯೂ ಇಲ್ಲ.